ಬೋಂಡನ ವಿಷಯ: ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ನಮ್ಮ ಗಿನಿ ಪಿಗ್ ಬೋಂಡ ಉಳಿಯುತ್ತಾನಾ ಅನ್ನುವ ನಿನ್ನ ಪ್ರಶ್ನೆಗೆ ಉತ್ತರ ಹೇಳುವಷ್ಟರಲ್ಲಿ ಫೋನ್ ಕಟ್ ಆಯಿತು. ಮಳೆ ಹಿಡಿಯಿತೆಂದರೆ ನಮ್ಮ ಸೋಮವಾರಪೇಟೆ ಕಡೆ ಕರೆಂಟಿನ ಕಥೆಯೂ ಅಷ್ಟೇ, ಟವರಿನ ಕಥೆಯೂ ಅಷ್ಟೇ. ಅದಕ್ಕೇ ಬರೆಯುತ್ತಿದ್ದೇನೆ. ಮುಚ್ಚಿಡಬೇಡ ಅಂದೆಯಲ್ಲ, ಮುಚ್ಚಿಡುವುದಿಲ್ಲ. ಬೋಂಡ ಉಳಿಯುವುದಿಲ್ಲ. ವಾರಗಳ ಮಾತು, ತಿಂಗಳುಗಳದ್ದಲ್ಲ ಅಂತ ಡಾಕ್ಟರು ಹೇಳಿದ್ದಾರೆ.

ದವಡೆಯ ಕೆಳಗೆ ಎರಡೂ ಕಡೆ ಗಂಟು ಇದ್ದದ್ದು ಮೊದಲು ನಿಮ್ಮಮ್ಮನ ಕೈಗೆ ಸಿಕ್ಕಿತು. ಗಿನಿ ಪಿಗ್‌ಗಳಿಗೆ ಕೀವು ಕಟ್ಟಿದ ಗಂಟೂ ಅದೇ ಜಾಗದಲ್ಲಿ ಬರುತ್ತದಂತೆ. ಅದಾಗಿದ್ದರೆ ಚಿಕಿತ್ಸೆಗೆ ಬಗ್ಗಬಹುದಿತ್ತು. ಅದನ್ನು ಖಾತ್ರಿ ಮಾಡಿಕೊಳ್ಳಲೆಂದೇ ಮೈಸೂರಿಗೆ ಕರೆದುಕೊಂಡು ಹೋಗಿ, ಸೂಜಿ ಹಾಕಿ ಪರೀಕ್ಷೆ ಮಾಡಿಸಿದ್ದು. ಕೀವಲ್ಲ, ಲಿಂಫೋಮಾ. ಬಿಳಿ ರಕ್ತಕಣಗಳ ಕ್ಯಾನ್ಸರ್. ಒಂದೇ ಕಡೆ ಇರುವ ಗಡ್ಡೆಯಾಗಿದ್ದರೆ ಆಪರೇಷನ್ ಮಾತು ಆಡಬಹುದಿತ್ತು. ಇದು ಮೈಯೆಲ್ಲಾ ಓಡಾಡುವಂಥದ್ದು, ಯಾವುದನ್ನು ಅಂತ ಕೊಯ್ಯುತ್ತಾರೆ?

ಕೀಮೋ ಕೊಡಿಸೋಣ, ನನ್ನ ಸ್ಕಾಲರ್‌ಶಿಪ್ ದುಡ್ಡು ಇದೆ ಅಂದೆಯಲ್ಲ. ದುಡ್ಡಿನ ಪ್ರಶ್ನೆ ಅಲ್ಲ ಮಗಳೇ. ನಾಯಿಗಳಿಗೆ ಕೊಡುತ್ತಾರೆ, ಗುಣವೂ ಕಾಣುತ್ತದೆ. ಇಷ್ಟು ಸಣ್ಣ ಪ್ರಾಣಿಗೆ ಇಂಥದ್ದು ಕೊಟ್ಟರೆ ಇಷ್ಟು ದಿನ ಹೆಚ್ಚಿಗೆ ಬದುಕುತ್ತದೆ ಅನ್ನುವ ಲೆಕ್ಕವೇ ಇಲ್ಲ. ಅವನ ರಕ್ತನಾಳ ಹುಡುಕುವುದೇ ಒಂದು ಸಾಹಸ. ಮೈಸೂರಿಗೆ ಹೋಗಿ ಬಂದ ದಿನ ಬುಟ್ಟಿಯ ಮೂಲೆಗೆ ಮುಖ ಹಾಕಿ ಕೂತವನು ರಾತ್ರಿಯವರೆಗೆ ಒಂದು ಎಸಳು ಹುಲ್ಲು ಮುಟ್ಟಲಿಲ್ಲ. ಉಳಿದಿರುವ ದಿನಗಳನ್ನು ಕಾರಿನಲ್ಲಿ ಕಳೆಯುವುದು ಬೇಡ ಅಂತ ನಾನೂ ಅಮ್ಮನೂ ತೀರ್ಮಾನ ಮಾಡಿದೆವು. ಗಿನಿ ಪಿಗ್ ಆಯಸ್ಸೇ ಐದರಿಂದ ಎಂಟು ವರ್ಷ, ಇವನಿಗೆ ಆರು ದಾಟಿದೆ. ಅರ್ಧಕ್ಕೆ ಹೋಗುತ್ತಿದ್ದಾನೆ ಅಂತ ನೀನು ಅಳಬೇಕಾಗಿಲ್ಲ. ಹೋಗುತ್ತಿದ್ದಾನೆ ಅಂತ ಅಳು, ಅದು ಬೇರೆ.

ಈಗ ನಮ್ಮ ಕೆಲಸ ಎರಡೇ. ನೋವು ಇರಬಾರದು, ಹೊಟ್ಟೆ ಖಾಲಿ ಇರಬಾರದು. ನೋವಿಗೆ ಮೆಲಾಕ್ಸಿಕಾಮ್ ಸಿರಪ್ ಇದೆ. ತೂಕ ನೋಡಿ ಡಾಕ್ಟರು ಬರೆದುಕೊಟ್ಟಷ್ಟೇ ಹನಿ, ಒಂದೂ ಹೆಚ್ಚಿಲ್ಲ. ಪಕ್ಕದ ಮನೆಯವರು ಪ್ಯಾರಾಸಿಟಮಾಲ್ ಚೂರು ಅರೆದು ಹಾಕಿ ಅಂದರು. ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಮನುಷ್ಯರ ಮಾತ್ರೆ ಯಾವುದೂ ಬೇಡ ಅಂದೆ. ಅಮಾಕ್ಸಿಸಿಲಿನ್ ಥರದ ಆ್ಯಂಟಿಬಯೋಟಿಕ್ ಬಾಯಿಗೆ ಹಾಕಿದರೂ ಇವುಗಳ ಕರುಳು ಹಾಳಾಗಿ ಪ್ರಾಣವೇ ಹೋಗಬಹುದು.

ಊಟದ್ದೇ ದೊಡ್ಡ ಕಥೆ. ಹುಲ್ಲು ತಿನ್ನುವುದು ನಿಲ್ಲಿಸಿದರೆ ಅವನ ಕರುಳೂ ನಿಂತುಹೋಗುತ್ತದೆ, ಕ್ಯಾನ್ಸರಿಗಿಂತ ಮುಂಚೆ ಅದೇ ಕೊಂಡೊಯ್ಯುತ್ತದೆ. ಅದಕ್ಕೇ ಪೆಲೆಟ್, ಅಂದರೆ ಅವನ ಒಣ ಆಹಾರದ ಗುಳಿಗೆ, ನೆನೆಸಿ, ಗಂಜಿಯ ಹದಕ್ಕೆ ಕಿವುಚಿ, ಸೂಜಿ ತೆಗೆದ ಸಿರಿಂಜಿನಲ್ಲಿ ತಿನ್ನಿಸುತ್ತೇನೆ. ಟವಲ್ ಸುತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಮುಂದಿನ ಹಲ್ಲಿಗೂ ದವಡೆ ಹಲ್ಲಿಗೂ ಮಧ್ಯೆ ಒಂದು ಖಾಲಿ ಜಾಗ ಇದೆಯಲ್ಲ, ಅಲ್ಲಿಂದ ಪಕ್ಕಕ್ಕೆ ತೂರಿಸಬೇಕು. ಒಂದು ಚೂರು ಒತ್ತಬೇಕು, ನಿಲ್ಲಬೇಕು. ಅವನು ಅಗಿಯುತ್ತಾನೆ. ಮೂಗಿನ ಹೊಳ್ಳೆ ಅಲುಗುತ್ತದೆ, ಗಲ್ಲದ ಬಿಳಿ ಕೂದಲಿಗೆ ಹಸಿರು ಗಂಜಿ ಮೆತ್ತಿಕೊಳ್ಳುತ್ತದೆ. ನುಂಗಿದ ಮೇಲೇ ಇನ್ನೊಂದು ಚೂರು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಇಳಿದುಬಿಡುತ್ತದೆ. ನಿನಗೆ ಅನ್ನ ಉಣ್ಣಿಸುವಾಗ ನನಗೆ ಇಷ್ಟು ತಾಳ್ಮೆ ಇತ್ತಾ ಅಂತ ನಿಮ್ಮಮ್ಮ ಕೇಳುತ್ತಾಳೆ. ಸಾಕಾದಾಗ ಸಿರಿಂಜನ್ನೇ ಕಚ್ಚಿ ಎಳೆಯುತ್ತಾನೆ. ಅಷ್ಟು ಹಠ ಇನ್ನೂ ಇದೆ.

ವಿಟಮಿನ್ ಸಿ ನಮ್ಮ ಮೈಯ ಹಾಗೆಯೇ ಅವನ ಮೈಯೂ ತಾನಾಗಿ ತಯಾರಿಸುವುದಿಲ್ಲ. ಕೆಜಿ ತೂಕಕ್ಕೆ ದಿನಕ್ಕೆ 10ರಿಂದ 30 ಮಿಲಿಗ್ರಾಂ ಬೇಕು, ಕಾಯಿಲೆ ಬಿದ್ದಾಗ ಇನ್ನೂ ಜಾಸ್ತಿ. ನೀರಿಗೆ ಬೆರೆಸಿಟ್ಟರೆ ಸತ್ವ ಬೇಗ ಹೋಗುತ್ತದೆ. ಅದಕ್ಕೇ ಬಾಯಿಗೇ ಕೊಡುತ್ತೇವೆ, ಜೊತೆಗೆ ಸೀಬೆಹಣ್ಣಿನ ತೆಳು ಹೋಳು, ಕೊತ್ತಂಬರಿ. ಅಜ್ಜಿ ಈಗಲೂ ಅವನನ್ನು "ಆ ಇಲಿ" ಅಂತಲೇ ಕರೆಯುತ್ತಾರೆ. ಆದರೆ ಸಂತೆಯಿಂದ ತಂದ ಕೊತ್ತಂಬರಿಯಲ್ಲಿ ಎಳೆಯದನ್ನೆಲ್ಲಾ ಇಲಿಗೇ ಎತ್ತಿಡುತ್ತಾರೆ. ನಮ್ಮ ಸಾರಿಗೆ ಬರೀ ದಂಟು! ಆಗಸ್ಟ್ 3ಕ್ಕೆ ಆಟಿ ಸೊಪ್ಪಿನ ಪಾಯಸ ಮಾಡಿದಾಗ, 18 ಔಷಧಿ ಸೇರಿರುವ ಸೊಪ್ಪು, ಇವನಿಗೂ ಒಂದು ಎಲೆ ಕೊಡೋಣ ಅಂದರು. ಬೇಡಮ್ಮಾ ಅಂತ ತಡೆದೆ. ಆ ಸೊಪ್ಪು ತಿಂದ ಮರುದಿನ ಮೂತ್ರ ಕೆಂಪಾಗುವುದು ನಮಗೆ ಗೊತ್ತು. ಇವನದು ಕೆಂಪಾದರೆ ನಾವೆಲ್ಲಾ ಎದೆ ಒಡೆದುಕೊಳ್ಳುತ್ತಿದ್ದೆವು.

ಹುಲ್ಲಿಗೆ ತೋಟಕ್ಕೆ ಇಳಿಯುವುದಿಲ್ಲ. ಕಾಫಿ, ಮೆಣಸಿಗೆ ಬೋರ್ಡೋ ಔಷಧಿ ಹೊಡೆದಿದೆ, ಕೆಳಗಿನ ಹುಲ್ಲಿನ ಮೇಲೂ ಮೈಲುತುತ್ತ ಬಿದ್ದಿರುತ್ತದೆ. ಬಾವಿಕಟ್ಟೆ ಹತ್ತಿರದ ಗರಿಕೆಯನ್ನೇ ಕೊಯ್ದು, ಒರೆಸಿ, ಒಳಗೆ ಹರವಿ ಹಾಕುತ್ತೇನೆ. ಗೂಡಿನ ಬಟ್ಟೆ ಒಣಗಿಸುವುದೇ ದೊಡ್ಡ ತಲೆನೋವು. ಬಟ್ಟೆ ಹಸಿಯಾಗಿದ್ದರೆ ಅವನ ಪಾದ ಹುಣ್ಣಾಗುತ್ತದೆ, ಬಚ್ಚಲ ಒಲೆ ಮೇಲೆ ಕಟ್ಟಿದರೆ ಹೊಗೆ ವಾಸನೆ. ಕೊನೆಗೆ ನಿಮ್ಮಮ್ಮ ಇಸ್ತ್ರಿ ಪೆಟ್ಟಿಗೆ ಹಿಡಿದಿದ್ದಾಳೆ. ಕರೆಂಟು ಇದ್ದಾಗ.

ಬೋಂಡನ ಜೊತೆಯ ಗಿನಿ ಪಿಗ್ ಚಟ್ನಿಯನ್ನು ಬೇರೆ ಗೂಡಿಗೆ ಹಾಕಿ ಅಂದೆಯಲ್ಲ, ಹಾಕಿಲ್ಲ. ಇದು ಅಂಟುವ ಕಾಯಿಲೆ ಅಲ್ಲ. ಒಂಟಿಯಾದರೆ ಇಬ್ಬರೂ ಸೊರಗುತ್ತಾರೆ. ಚಟ್ನಿ ಕರುಕುರು ತಿನ್ನುವ ಸದ್ದು ಕೇಳಿದರೆ ಬೋಂಡನೂ ಎದ್ದು ಬಂದು ಒಂದೆರಡು ಎಸಳು ಎಳೆಯುತ್ತಾನೆ. ನನ್ನ ಸಿರಿಂಜಿಗಿಂತ ಅದೇ ವಾಸಿ.

ಇನ್ನು ನಿನ್ನನ್ನು ಕೇಳಲೇಬೇಕಾದ ವಿಷಯ. ಬೆಳಿಗ್ಗೆ ಎದ್ದ ಕೂಡಲೇ ಅಡುಗೆಮನೆ ತಕ್ಕಡಿಯಲ್ಲಿ ಬೋಂಡನನ್ನು ತೂಗಿ ಬರೆದಿಡುತ್ತಿದ್ದೇನೆ. ಚೆನ್ನಾಗಿದ್ದಾಗ 1,050 ಗ್ರಾಂ ಇದ್ದವನು ಈಗ 820. ಬೇರೆ ಪ್ರಾಣಿಗೆ ಆಹಾರವಾಗುವ ಪ್ರಾಣಿ ಇದು, ನೋವನ್ನು ತೋರಿಸಿಕೊಳ್ಳುವುದಿಲ್ಲ. ಕೂದಲು ನಿಗುರಿಸಿಕೊಂಡು ಮುದುರಿ ಕೂತರೆ, ಹಲ್ಲು ಕಡಿದರೆ, ಸಿರಿಂಜನ್ನೂ ಬೇಡವೆಂದರೆ ಅಲ್ಲಿಗೆ ಮುಗಿಯಿತು ಅಂತ ತಿಳಿಯಬೇಕು. ಆಗ ತಾನಾಗಿ ಹೋಗಲಿ ಅಂತ ಕಾಯುವುದು ನನಗೆ ಒಪ್ಪಿಗೆಯಿಲ್ಲ. ಎಷ್ಟೋ ಮನೆಗಳಲ್ಲಿ ಹಾಗೆ ಕಾಯುತ್ತಾರೆ, ಪಾಪ ಪುಣ್ಯದ ಮಾತೂ ಬರುತ್ತದೆ. ಉಸಿರಿಗಾಗಿ ಒದ್ದಾಡುವುದನ್ನು ನೋಡುತ್ತಾ ಕೂರುವುದು ಯಾವ ಪುಣ್ಯವೋ ನನಗೆ ತಿಳಿಯದು. ಇಲ್ಲಿನ ಪಶುವೈದ್ಯರ ಹತ್ತಿರ ಮಾತಾಡಿದ್ದೇನೆ. ಮೊದಲು ಪ್ರಜ್ಞೆ ತಪ್ಪಿಸಿ ಆಮೇಲೆ ಇಂಜೆಕ್ಷನ್ ಕೊಡುತ್ತಾರೆ. ಮನೆಗೇ ಬರುತ್ತೇನೆ ಅಂದಿದ್ದಾರೆ. ಆಮೇಲೆ ಸ್ವಲ್ಪ ಹೊತ್ತು ಚಟ್ನಿಯ ಹತ್ತಿರ ಮಲಗಿಸಿರಿ, ಅವನು ಮೂಸಿ ನೋಡಲಿ, ಇಲ್ಲದಿದ್ದರೆ ಹುಡುಕುತ್ತಲೇ ಇರುತ್ತಾನೆ ಅಂತ ಅವರೇ ಹೇಳಿದರು.

ನಿನಗೆ ಹೇಳದೆ ಅವರಿಗೆ ಬನ್ನಿ ಅಂತ ಫೋನ್ ಮಾಡುವುದಿಲ್ಲ. ಆದರೆ ನೀನು ಬರುವ ತನಕ ಅವನನ್ನು ನೋವಿನಲ್ಲಿ ಇಡುವುದೂ ಇಲ್ಲ. ಇದಕ್ಕೆ ನಿನ್ನ ಒಪ್ಪಿಗೆ ಬೇಕು. ಅವನು ನಿನ್ನ ಬೋಂಡ, ಅಲ್ವಾ? ಯೋಚನೆ ಮಾಡಿ ಮೆಸೇಜ್ ಹಾಕು. ಅಜ್ಜಿಯ ಫೋನಿಗಲ್ಲ, ನನ್ನದಕ್ಕೆ.

ಪರೀಕ್ಷೆ ಬಿಟ್ಟು ಓಡಿ ಬರಬೇಡ. ಶುಕ್ರವಾರದ ಪೇಪರ್ ಮುಗಿಸಿ ಶನಿವಾರ ಹಗಲು ಬಸ್ಸಿಗೇ ಹೊರಡು, ಈ ಮಳೆಯಲ್ಲಿ ರಾತ್ರಿ ಸಂಪಾಜೆ ಘಾಟಿ ಹತ್ತುವುದು ಬೇಡ. ಬರುವಾಗ ಮಂಗಳೂರಿನಿಂದ ಕೆಂಪು ದೊಣ್ಣೆಮೆಣಸಿನಕಾಯಿ ಎರಡು ತಾ. ಹಸಿರಿಗಿಂತ ಅದರಲ್ಲಿ ವಿಟಮಿನ್ ಸಿ ಜಾಸ್ತಿ, ಇಲ್ಲಿ ಸೋಮವಾರದ ಸಂತೆಯಲ್ಲಿ ಹುಡುಕಿದರೂ ಸಿಗಲಿಲ್ಲ. ಅವನು ತಿನ್ನದಿದ್ದರೆ ಚಟ್ನಿ ತಿನ್ನುತ್ತಾನೆ.

ನಿನ್ನ,
ಅಪ್ಪ