ಬಂಡೆ ಕೆಳಗಿನ ಊರಿಂದ, ಮಾಸ್ತರನಿಗೆ

ಪ್ರೀತಿಯ ದೋಸ್ತ,

ನೀನು ಮೂರು ವಾರದ ಹಿಂದೆ ಕಳಿಸಿದ ವಾಯ್ಸ್ ಮೆಸೇಜಿಗೆ ಇವತ್ತು ಉತ್ತರ ಬರೆಯುತ್ತಿದ್ದೇನೆ, ಬೈಬೇಡ. "ಅಷ್ಟು ವರ್ಷ ಫ್ರಾನ್ಸ್‌ನಾಗ ಇದ್ದಿ, ಐಫೆಲ್ ಟವರ್ ಬಿಟ್ಟು ಬ್ಯಾರೆ ಏನರ ನೋಡಿಯೇನಲೇ" ಅಂತ ಕೇಳಿದ್ದೆ. ನೋಡಿದೆ. ಅದನ್ನು ಹೇಳೋಕೇ ಈ ಪತ್ರ. ಕೊನೆಗೆ ನಿನ್ನಿಂದ ಒಂದು ಕೆಲಸವೂ ಆಗಬೇಕು.

ಮಗಳಿಗೆ ಅಕ್ಟೋಬರ್ ಕೊನೆಯ ರಜೆ. ತುಲೂಸ್‌ನಿಂದ ಕಾರಿನಲ್ಲಿ ಎರಡೂವರೆ ತಾಸು ಉತ್ತರಕ್ಕೆ ಬಂದರೆ ದೋರ್ದೋನ್ಯ್ ಅನ್ನೋ ಸೀಮೆ. ಅಲ್ಲಿ ವೆಜೇರ್ ಅನ್ನೋ ಹೊಳೆ, ಹೊಳೆ ದಂಡೆಗೆ ಲೆಜೆಜಿ ಅನ್ನೋ ಹಳ್ಳಿ. ನಾಲ್ಕು ದಿನಕ್ಕೆ ಒಂದು ಮನೆ ಬಾಡಿಗೆಗೆ ಹಿಡಿದಿದ್ದೇವೆ. ಮನೆಯ ಹಿಂದಿನ ಗೋಡೆ ಗೋಡೆಯೇ ಅಲ್ಲ, ಗುಡ್ಡದ ಬಂಡೆ! ಮೂರು ಕಡೆ ಕಟ್ಟಿ, ನಾಲ್ಕನೇ ಕಡೆ ಬಂಡೆಗೇ ಒರಗಿಸಿಬಿಟ್ಟಿದ್ದಾರೆ. ಮೇಲಿಂದ ಸುಣ್ಣಕಲ್ಲಿನ ಅಂಚು ಚಾವಣಿಯ ಮೇಲೆ ಬಾಗಿಕೊಂಡಿದೆ. ಮೊದಲ ರಾತ್ರಿ ಹೆಂಡತಿಗೆ ನಿದ್ದೆಯೇ ಹತ್ತಲಿಲ್ಲ. ನನಗೆ ಬಾದಾಮಿಯಲ್ಲಿ ನಿಮ್ಮ ಅಜ್ಜಿಯ ಮನೆ ನೆನಪಾಯಿತು, ಚೆನ್ನಾಗಿ ನಿದ್ದೆ ಬಂತು. ನಮ್ಮದು ಕೆಂಪು ಮರಳುಗಲ್ಲು, ಇಲ್ಲಿಯದು ಬೂದಿ ಹಳದಿ, ಅಷ್ಟೇ ವ್ಯತ್ಯಾಸ. ಬಂಡೆಯ ಬುಡ ಸವೆದು ಒಳಕ್ಕೆ ಹೋದ ಜಾಗಕ್ಕೆ ನಾವು ಪಡಿ ಅನ್ನುತ್ತೇವಲ್ಲ, ಇವರು ಅದಕ್ಕೆ ಅಬ್ರಿ ಅಂತಾರೆ.

ಹೈಸ್ಕೂಲಿನ ಆದಿಮಾನವರ ಪಾಠದಲ್ಲಿ "ಕ್ರೋಮ್ಯಾಗ್ನನ್ ಮಾನವ" ಅಂತ ಬಾಯಿಪಾಠ ಮಾಡಿದ್ದು ನೆನಪಿದೆಯಾ? ಆ ಕ್ರೋಮ್ಯಾಗ್ನನ್ ಈ ಊರಿನ ಒಂದು ಅಬ್ರಿಯ ಹೆಸರು ಮಾರಾಯ. 1868ರಲ್ಲಿ ಇಲ್ಲಿಗೆ ರೈಲು ಬಂದ ಹೊಸತರಲ್ಲಿ ಕೆಲಸದವರು ಮಣ್ಣು ತೆಗೆಯುವಾಗ ಅಸ್ಥಿಪಂಜರ ಸಿಕ್ಕವು, ಒಂದು ಕೂಸಿನದೂ ಸೇರಿ ಐದು. ಇಲ್ಲಿಯವರು ಅದನ್ನು "ಕ್ರೋ ಮಾನ್ಯೋಂ" ಅಂತಾರೆ. ನಾನು ನಮ್ಮ ಶಾಲೆಯ ಉಚ್ಚಾರದಲ್ಲಿ ದಾರಿ ಕೇಳಿದೆ, ಬ್ರೆಡ್ಡಿನ ಅಂಗಡಿಯಾಕೆ ನನ್ನನ್ನು ಸೀದಾ ರೈಲ್ವೆ ಸ್ಟೇಷನ್ ಕಡೆ ಕಳಿಸಿದಳು. ಹಾಗೆ ನೋಡಿದರೆ ಪೂರ್ತಿ ತಪ್ಪೂ ಅಲ್ಲ, ಅಬ್ರಿ ಅಲ್ಲೇ ಹತ್ತಿರ ಇದೆ.

ಮರುದಿನ ಊರ ಪಕ್ಕದ ಕಣಿವೆಯಲ್ಲಿ ಒಂದು ಮೀನು ನೋಡಿದೆವು. ಕಲ್ಲಿನ ಮೀನು. ಸಣ್ಣ ಅಬ್ರಿ, ಗಂಟೆಗಟ್ಟಲೆ ನೋಡುವಂಥದ್ದು ಏನೂ ಇಲ್ಲ, ಆದರೆ ತಲೆ ಎತ್ತಿದರೆ ಚಾವಣಿಯಲ್ಲಿ ಮೀಟರಿಗಿಂತ ಸ್ವಲ್ಪ ಉದ್ದದ ಸಾಲ್ಮನ್ ಮೀನು ಉಬ್ಬಿಕೊಂಡು ನಿಂತಿದೆ. ಸುಮಾರು 25,000 ವರ್ಷದ್ದು. ಕೆಳದವಡೆ ಕೊಕ್ಕೆಯ ಹಾಗೆ ಮೇಲಕ್ಕೆ ಬಾಗಿದೆ. ಮೊಟ್ಟೆ ಇಡುವ ಕಾಲದಲ್ಲಿ ಗಂಡು ಸಾಲ್ಮನ್ನಿನ ದವಡೆ ಹಾಗೆ ಆಗುತ್ತದಂತೆ. ಕೆತ್ತಿದವನು ಮೀನನ್ನು ಕೈಯಲ್ಲಿ ಹಿಡಿದು, ತಿರುಗಿಸಿ ಮರುಗಿಸಿ ನೋಡಿದವನು, ಅದರಲ್ಲಿ ಅನುಮಾನವೇ ಇಲ್ಲ. ಆದರೆ ನನ್ನ ಕಣ್ಣು ಹೋದದ್ದು ಮೀನಿನ ಸುತ್ತ. ಸುತ್ತಲೂ ಆಳವಾಗಿ ಕೊರೆದ ತೋಡು, ಸಾಲಾಗಿ ರಂಧ್ರ. 1912ರಲ್ಲಿ ಮೀನು ಸಿಕ್ಕಿತು, ಸಿಕ್ಕ ಬೆನ್ನಿಗೇ ಅದನ್ನು ಬಂಡೆಯಿಂದ ಕೊರೆದು ತೆಗೆದು ಬರ್ಲಿನ್ನಿನ ಮ್ಯೂಸಿಯಮ್ಮಿಗೆ ಮಾರಲು ಹೊರಟಿದ್ದರು. ನಡುವೆಯೇ ತಡೆದರು. ಮೀನು ಉಳಿಯಿತು, ಕೊರೆದ ಗುರುತೂ ಉಳಿಯಿತು. ಬಟ್ಟೆ ಕತ್ತರಿಸುವ ಮೊದಲು ಟೇಲರ್ ಚಾಕಿನಲ್ಲಿ ಗೆರೆ ಎಳೆಯುತ್ತಾನಲ್ಲ, ಹಾಗೆ ಕಾಣುತ್ತದೆ.

ಇನ್ನೊಂದು ಗುಹೆಯ ಕಥೆ ನಿನಗಾಗಿಯೇ. ಫೋಂ ದ ಗೋಮ್ ಅಂತ ಹೆಸರು. ಗುಹೆ ಊರವರಿಗೆ ಮೊದಲಿಂದಲೂ ಗೊತ್ತಿತ್ತು. 1901ರ ಸೆಪ್ಟೆಂಬರಿನಲ್ಲಿ ಒಳಗೆ ಆದಿಮಾನವರ ಬಣ್ಣದ ಚಿತ್ರಗಳಿವೆ ಅಂತ ಕಂಡುಹಿಡಿದವನು ಇದೇ ಊರಿನ ಕನ್ನಡ ಶಾಲೆ ಮಾಸ್ತರ, ಅಂದರೆ ಫ್ರೆಂಚ್ ಶಾಲೆ ಅನ್ನು, ದನಿ ಪೆರೋನಿ. ಮಕ್ಕಳಿಗೆ ಮಗ್ಗಿ ಹೇಳಿಕೊಡುತ್ತಿದ್ದವನು ಮುಂದೆ ಈ ಊರಿನಲ್ಲಿ ಮ್ಯೂಸಿಯಮ್ಮನ್ನೇ ಕಟ್ಟಿಸಿದ. ನೋಡಿ ಕಲಿ!

ಈ ಗುಹೆಗೆ ದಿನಕ್ಕೆ ಸ್ವಲ್ಪವೇ ಜನರನ್ನು ಬಿಡುತ್ತಾರೆ. ಮೊದಲ ದಿನ ನಮಗೆ ಟಿಕೆಟ್ ಸಿಗಲಿಲ್ಲ, ಮಗಳು ಗೇಟಿನ ಹತ್ತಿರವೇ ಮುಖ ಊದಿಸಿಕೊಂಡು ಕೂತಳು. ಮೂರನೇ ದಿನ ಸಿಕ್ಕಿತು. ಬ್ಯಾಗು ಹೊರಗೆ ಬಿಟ್ಟು, ಇಕ್ಕಟ್ಟು ಓಣಿಯಂಥ ಗುಹೆಯಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಒಳಗೆ ಥಂಡಿ. ಗೈಡ್ ಹುಡುಗಿ ಟಾರ್ಚನ್ನು ಗೋಡೆಗೆ ನೇರ ಹಿಡಿದಳು, ಏನೂ ಕಾಣಲಿಲ್ಲ. ಬರೀ ಕಂದು ಕಲೆ. ಆಮೇಲೆ ಟಾರ್ಚನ್ನು ಮೆಲ್ಲಗೆ ಓರೆ ಮಾಡಿದಳು ನೋಡು, ಬಂಡೆಯ ಉಬ್ಬು ಬೈಸನ್ನಿನ ಹಿಣಿಲಾಯಿತು, ತಗ್ಗು ಹೊಟ್ಟೆಯಾಯಿತು. ಒಂದು ಕಡೆ ಎರಡು ಹಿಮಸಾರಂಗ. ಕೆಂಪನೆಯದು ಮೊಣಕಾಲೂರಿದೆ, ಕಪ್ಪು ಕೊಂಬಿನದು ಬಗ್ಗಿ ಅದರ ಹಣೆ ನೆಕ್ಕುತ್ತಿದೆ. ನಾಲಿಗೆ ಒಂದೇ ಒಂದು ಗೀರು. ನಮ್ಮ ಎಮ್ಮೆ ಕರುವನ್ನು ನೆಕ್ಕುತ್ತದಲ್ಲ, ಥೇಟ್ ಅದೇ ಕತ್ತು. ನನ್ನ ಗಂಟಲು ಕಟ್ಟಿತು, ಹೆಂಡತಿ ನೋಡಿ ನಕ್ಕಳು.

ಗುಹೆಚಿತ್ರಗಳಿಗೆ ಹೆಸರಾದ ಲಾಸ್ಕೋಗೆ ಹೋಗಲಿಲ್ಲವಾ ಅಂತ ನೀನು ಕೇಳುತ್ತೀ. ಅದು ಇದೇ ಹೊಳೆಯ ಮೇಲ್ಗಡೆ, ಸುಮಾರು 25 ಕಿಲೋಮೀಟರ್. ಜನರ ಉಸಿರಿನಿಂದ ಗೋಡೆಗೆ ಪಾಚಿ ಹತ್ತಿ ಅಸಲಿ ಗುಹೆಯನ್ನು 1963ರಲ್ಲೇ ಮುಚ್ಚಿದ್ದಾರೆ. ಈಗ ತೋರಿಸುವುದು ನಕಲು. ಬಹಳ ಚೆನ್ನಾಗಿದೆಯಂತೆ. ನಾನು ಹಟಮಾರಿ, ಅಸಲಿ ನೋಡಿದ ಕಣ್ಣಲ್ಲಿ ನಕಲು ನೋಡೋದು ಬೇಡ ಅಂತ ಬಿಟ್ಟೆ.

ಊಟದ್ದು ಮಾತ್ರ ಕೇಳಬೇಡ. ಈ ಸೀಮೆಯಲ್ಲಿ ಎಲ್ಲದಕ್ಕೂ ಬಾತುಕೋಳಿ. ಹೆಂಡತಿ ನಾಲ್ಕು ದಿನ ಅಕ್ರೋಟ ಹಾಕಿದ ಬ್ರೆಡ್ಡು, ಆಡಿನ ಹಾಲಿನ ಚೀಸು, ಅಣಬೆ ಆಮ್ಲೆಟ್ ಅಂತ ಕಳೆದಳು. ನಾವು ತಂದ ಶೇಂಗಾ ಚಟ್ನಿ ಎರಡೇ ದಿನಕ್ಕೆ ಖಾಲಿ. ಆದರೆ ಅಕ್ರೋಟದ ತೋಟಗಳು ಎಷ್ಟು ಚೆಂದ ಅಂತೀ! ಸಾಲಾಗಿ ಮರ, ಕೆಳಗೆ ಹಸಿ ಹುಲ್ಲು, ಹುಲ್ಲಲ್ಲಿ ಉದುರಿದ ಕಾಯಿ. ಮೇಲಿನ ಹಸಿರು ಸಿಪ್ಪೆ ಬಿಡಿಸಿದ್ದಕ್ಕೆ ಮಗಳ ಬೆರಳೆಲ್ಲ ಕಪ್ಪಾಗಿ, ಸೋಪಿಗೂ ಜಗ್ಗುತ್ತಿಲ್ಲ. ಬೆಳಿಗ್ಗೆ ಹೊಳೆಯ ಮೇಲೆ ಮಂಜು ಇರುತ್ತದೆ, ಎದುರು ದಂಡೆ ಕಾಣೋದೇ ಇಲ್ಲ. ಒಂದು ಮಿಂಚುಳ್ಳಿ ಮಾತ್ರ ಸುಮ್ನೆ ನೀಲಿ ಗೆರೆ ಎಳೆದ ಹಾಗೆ ಹೋಯಿತು.

ಹೊಳೆಗುಂಟ ಮೇಲೆ ಹೋದರೆ ರೋಕ್ ಸೇಂ ಕ್ರಿಸ್ತೋಫ್ ಅನ್ನೋ ಬಂಡೆಗೋಡೆ. ಒಂದು ಕಿಲೋಮೀಟರ್ ಉದ್ದ, 80 ಮೀಟರ್ ಎತ್ತರ, ಐದು ಅಂತಸ್ತು. ಒಂದಾನೊಂದು ಕಾಲಕ್ಕೆ ಇಡೀ ಊರೇ ಅದರಲ್ಲಿ ಇತ್ತು, 1588ರಲ್ಲಿ ಮತದ ಜಗಳದಲ್ಲಿ ಹಾಳುಗೆಡವಿದರು. ಈಗ ಉಳಿದದ್ದು ತೊಲೆ ಸಿಗಿಸುತ್ತಿದ್ದ ಚೌಕ ತೂತು, ನೀರಿನ ಕಾಲುವೆ. ದನ ಕಟ್ಟಲು ಬಂಡೆಯಲ್ಲೇ ಕೊರೆದ ಕಲ್ಲುಬಳೆಯಲ್ಲಿ ಬೆರಳು ಹಾಕಿ ನೋಡಿದೆ, ಒಳಗೆ ನುಣುಪು.

ಈಗ ಅಸಲು ವಿಷಯಕ್ಕೆ ಬರುತ್ತೇನೆ. ನಿನ್ನೆ ರೂಫಿನ್ಯಾಕ್ ಗುಹೆಗೆ ಹೋಗಿದ್ದೆವು. ಒಳಗೆ ಓಣಿಗಳ ಒಟ್ಟು ಉದ್ದ ಎಂಟು ಕಿಲೋಮೀಟರ್, ಆದ್ದರಿಂದ ಪುಟ್ಟ ಕರೆಂಟ್ ರೈಲಿನಲ್ಲಿ ಕರೆದುಕೊಂಡು ಹೋಗುತ್ತಾರೆ. ಗೋಡೆಯಲ್ಲಿ ಕರಡಿಗಳು ಪರಚಿದ ಗುರುತು, ನೆಲದಲ್ಲಿ ಅವು ಚಳಿಗಾಲಕ್ಕೆ ಮಲಗುತ್ತಿದ್ದ ಗುಂಡಿಗಳು. ರೈಲಿನ ಕೊನೆಗೆ ಇಳಿದು ತಲೆ ಎತ್ತಿದರೆ ಚಾವಣಿ ತುಂಬ ಮ್ಯಾಮತ್ ಅನ್ನೋ ಆಗಿನ ಕಾಲದ ಕೂದಲಾನೆ, ಕುದುರೆ, ಕಾಡುಮೇಕೆ. ಕಪ್ಪು ಗೆರೆಯವು, 13,000 ವರ್ಷದ ಹಿಂದಿನವು. ಆಗ ನೆಲಕ್ಕೂ ಚಾವಣಿಗೂ ನಡುವೆ ಮೀಟರಿನಷ್ಟೇ ಜಾಗ ಇತ್ತಂತೆ, ಅಂಗಾತ ಮಲಗಿ ಬರೆದಿದ್ದಾರೆ. ಇಡೀ ಚಿತ್ರವನ್ನು ದೂರ ನಿಂತು ನೋಡುವ ಭಾಗ್ಯ ಬರೆದವರಿಗೇ ಇರಲಿಲ್ಲ.

ಅದೇ ಮ್ಯಾಮತ್‌ಗಳ ಮೇಲೆ ಹೆಸರುಗಳು! ನೂರು, ಇನ್ನೂರು ವರ್ಷದ ಹಿಂದೆ ದೀಪ ಹಿಡಿದು ಬಂದವರು ಹೊಗೆಮಸಿಯಲ್ಲಿ ದೊಡ್ಡ ದೊಡ್ಡದಾಗಿ ತಮ್ಮ ಹೆಸರು, ಇಸವಿ ಬರೆದು ಹೋಗಿದ್ದಾರೆ. ಜನ ಅಯ್ಯೋ ಅಂದರು. ನಾನೂ ಅಂದೆ. ಅಂದ ಮೇಲೆ ಬೆನ್ನಲ್ಲಿ ಬೆವರು ಬಂತು.

ಏಳನೇ ಇಯತ್ತೆ. ರೊಟ್ಟಿ ಬುತ್ತಿ ಕಟ್ಟಿಕೊಂಡು ನಮ್ಮ ಬಾದಾಮಿ ಹತ್ತಿರದ ಸಿಡಿಲಪಡಿಗೆ ಹೋಗಿದ್ದೆವು, ಕಲ್ಲಿನ ಕಮಾನಿನ ಕೆಳಗೆ ಕೂತು ಉಂಡೆವು. ಕುರುಬರು ಒಲೆ ಹೂಡಿದ್ದ ಜಾಗದಿಂದ ನೀನು ಇದ್ದಲಿ ತಂದೆ, ಬರೆದವನು ನಾನು. ನಿನ್ನದೊಂದಕ್ಷರ, ನನ್ನದೊಂದಕ್ಷರ. ಅಲ್ಲೇ ಹತ್ತಿರ ಕೆಮ್ಮಣ್ಣಿನ ಚಿತ್ರ ಇದ್ದದ್ದು ನಮಗೆ ಕಂಡಿತ್ತು. ಕಂಡೂ ಬರೆದೆವು, ಅಲ್ವಾ?

ಇದೇ ರೂಫಿನ್ಯಾಕ್‌ನಲ್ಲಿ ಮೆತ್ತನೆ ಗೋಡೆಯ ಮೇಲೆ ಬೆರಳಿನಿಂದ ಎಳೆದ ಉದ್ದುದ್ದ ಗೆರೆಗಳೂ ಇವೆ. ಸಂಶೋಧಕರು ಬೆರಳ ಅಗಲ ಅಳೆದು, ಅದರಲ್ಲಿ ಮಕ್ಕಳದೂ ಇವೆ, ಒಂದು ಐದು ವರ್ಷದ ಮಗುವಿನದು ಅಂತ ಹೇಳಿದ್ದಾರೆ. ವಾಪಸ್ ಬರುವಾಗ ಕಾರಿನಲ್ಲಿ ಮಗಳಿಗೆ ಇದನ್ನು ಹೇಳಿದೆ. ಅವಳು ಅಕ್ರೋಟದ ಕಪ್ಪು ಬೆರಳು ನೋಡಿಕೊಂಡು "ಆ ಮಗುವಿಗೆ ಯಾರೂ ಬೈಲಿಲ್ವಾ ಅಪ್ಪಾ" ಅಂತ ಕೇಳಿದಳು. ಏನು ಹೇಳಲಿ? ಪೆಟ್ರೋಲ್ ಹಾಕಿಸಬೇಕು ಅಂತ ಮಾತು ತಪ್ಪಿಸಿದೆ.

ಕೆಲಸ ಏನೆಂದರೆ, ಮುಂದಿನ ಭಾನುವಾರ ಬಿಡುವಿದ್ದರೆ ಸಿಡಿಲಪಡಿಗೆ ಒಂದು ಸಲ ಹೋಗಿ ಬಾ. ನಮ್ಮ ಎರಡಕ್ಷರ ಇನ್ನೂ ಇವೆಯಾ ನೋಡು. ಮಳೆಗೆ ಹೋಗಿದ್ದರೆ ಒಳ್ಳೆಯದಾಯಿತು. ಇದ್ದರೆ ಉಜ್ಜಲು ಹೋಗಬೇಡ, ನೀರೂ ಹಾಕಬೇಡ, ಪಕ್ಕದ ಕೆಮ್ಮಣ್ಣೂ ಎದ್ದು ಬಂದೀತು. ಸುಮ್ನೆ ಫೋಟೋ ತೆಗೆದು ಕಳಿಸು. ಶಾಲೆ ಹುಡುಗರನ್ನು ಕರೆದುಕೊಂಡು ಹೋಗುವುದಾದರೆ, ಮಾಸ್ತರೇ, ಹೊರಡುವ ಮೊದಲು ಎಲ್ಲರ ಜೇಬು ತಪಾಸು.

ಅಕ್ರೋಟ ಎರಡು ಕಿಲೋ ಎತ್ತಿಟ್ಟಿದ್ದೇನೆ, ಯುಗಾದಿಗೆ ಬಂದಾಗ ತರುತ್ತೇನೆ. ಅವ್ವನಿಗೆ ನಮಸ್ಕಾರ ಹೇಳು.

ನಿನ್ನ,
ಇದ್ದಲಿ ಹಿಡಿದವನು