ಎಂಟು ಗಂಟೆಯ ಫೋನಿಗೆ ಮುಂಚೆ

ಸಾಗರ
ಸೋಮವಾರ ರಾತ್ರಿ

ಪ್ರೀತಿಯ ಪುಟ್ಟಿಗೆ,

ನಿನ್ನೆ ನೀನು ಫೋನ್ ಇಟ್ಟ ರಭಸಕ್ಕೆ ಪಕ್ಕದಲ್ಲಿದ್ದ ಅಪ್ಪ ಕೂಡ ಕನ್ನಡಕ ತೆಗೆದು ನನ್ನ ಮುಖ ನೋಡಿದರು. ಇಂಗ್ಲೆಂಡಿನಿಂದ ಟಿಕೆಟ್ ತೆಗೆದು ಬಂದುಬಿಡು, ಶಿವಮೊಗ್ಗದಲ್ಲೋ ಮಣಿಪಾಲದಲ್ಲೋ ಡಾಕ್ಟರಿಗೆ ತೋರಿಸೋಣ ಎಂದದ್ದು ತಪ್ಪೆಂದು ನನಗೆ ಈಗಲೂ ಅನಿಸುತ್ತಿಲ್ಲ. ಆದರೆ ನಿದ್ದೆಗೆಟ್ಟ ಬಾಣಂತಿಯ ಹತ್ತಿರ ಆಡುವ ಧಾಟಿ ಅದಲ್ಲ. ಅದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ನಮ್ಮಿಬ್ಬರಿಗೂ ಸಮಾಧಾನವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಅಪ್ಪ ಇದರ ಫೋಟೊ ತೆಗೆದು ವಾಟ್ಸ್‌ಆ್ಯಪಿಗೆ ಹಾಕುತ್ತಾರೆ. ಓದದೆ ಹಾಕಿ ಎಂದು ಹೇಳಿದ್ದೇನೆ. ಓದಿದರೂ ಓದಲಿ, ಹೆಂಡತಿ ಮೂವತ್ತು ವರ್ಷ ಎಎನ್‌ಎಂ ಆಗಿ ಹಳ್ಳಿಗಳಲ್ಲಿ ನರ್ಸ್ ಕೆಲಸ ಮಾಡಿದವಳು, ಅವರು ಕೇಳದ ವಿಷಯವೇನೂ ಇದರಲ್ಲಿಲ್ಲ.

ಹೆರಿಗೆಯ ರಾತ್ರಿಯದು ನಿನಗೂ ಗೊತ್ತು, ನನಗೂ ಗೊತ್ತು. ಅದು ಬೇಡ.

ಅಲ್ಲಿನ ಕಷ್ಟ ನನಗೆ ಅರ್ಥವಾಗುವುದಿಲ್ಲ ಎಂದೆಯಲ್ಲ. ನಾನು ಅಲ್ಲಿದ್ದಾಗಲೇ ನೋಡಿದ್ದೇನೆ. ಬೆಳಿಗ್ಗೆ ಎಂಟು ಹೊಡೆಯುವುದಕ್ಕೂ ನೀನು ಕ್ಲಿನಿಕ್ಕಿನ ನಂಬರು ಒತ್ತುವುದಕ್ಕೂ ಸರಿಯಾಗಬೇಕು. ಒಂದು ಕೈಯಲ್ಲಿ ಪಾಪು, ಇನ್ನೊಂದರಲ್ಲಿ ಮೊಬೈಲ್, ಅದರೊಳಗೆ ನಿಲ್ಲದ ಸಂಗೀತ. ಸರದಿ ಬರುವ ಹೊತ್ತಿಗೆ ಇವತ್ತಿನದು ಮುಗಿಯಿತು, ನಾಳೆ ಎಂಟಕ್ಕೆ ಮಾಡಿ ಎಂಬ ಉತ್ತರ. ನಮ್ಮ ಕಡೆಯ ಆಸ್ಪತ್ರೆಗಳಲ್ಲಿ ಡಾಕ್ಟರೇ ಇರುತ್ತಿರಲಿಲ್ಲ ನಿಜ, ಆದರೂ ಬಾಗಿಲಲ್ಲಿ ಹೋಗಿ ಕುಳಿತವಳ ಮುಖವನ್ನು ಯಾರಾದರೊಬ್ಬರು ನೋಡುತ್ತಿದ್ದರು. ನಿನಗೆ ಹೋಗಿ ಕೂರುವುದಕ್ಕೆ ಬಾಗಿಲೇ ಇಲ್ಲ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಫೋನಿನ ಆ ಸರದಿ ಅಲ್ಲ. ಕೊನೆಗೂ ಸಿಕ್ಕಿದ ಆ ಸ್ವಾಗತಕಾರಿಣಿ ತೊಂದರೆ ಏನೆಂದು ಕೇಳಿದಾಗ, ಕೆಳಗಿನ ತೊಂದರೆಯ ಸುದ್ದಿಯೇ ಎತ್ತದೆ, ಹೆರಿಗೆಯ ನಂತರದ ಮಾಮೂಲಿ ತಪಾಸಣೆ ಎಂದು ಹೇಳಿದೆಯಂತೆ. ಹಾಲ್‌ನಲ್ಲಿ ಅಳಿಯಂದಿರ ಸ್ನೇಹಿತರು ಕುಳಿತಿದ್ದರು ಎಂದೆ. ಮಾಮೂಲಿ ಎಂದ ಮೇಲೆ ಅವಳಾದರೂ ಏನು ಮಾಡುತ್ತಾಳೆ? ಮೂರು ವಾರದಾಚೆಗೆ ಒಂದು ಫೋನ್ ಮಾತುಕತೆ ಕೊಟ್ಟಳು. ಫೋನಿನಲ್ಲಿ ಡಾಕ್ಟರು ಏನನ್ನು ನೋಡುತ್ತಾರೆ, ಹೇಳು.

ನಮ್ಮ ಸಂಕದಾಚೆಯ ಮನೆಯೊಂದರ ಕಥೆ ನಿನಗೆ ಹೇಳಿಲ್ಲ. ಮಳೆಗಾಲದಲ್ಲಿ ಆ ಅಡಿಕೆ ಮರದ ಸಂಕ ದಾಟಬೇಕಾದರೆ ಚಪ್ಪಲಿ ಕೈಗೆ ತೆಗೆದುಕೊಂಡು, ಲಸಿಕೆಯ ಡಬ್ಬಿಯನ್ನು ಹೆಗಲಿಗೆ ಹಾಕಿಕೊಳ್ಳುತ್ತಿದ್ದೆ. ಆ ಮನೆಯ ಸೊಸೆಗೆ ಅದು ಮೂರನೆಯ ಬಾಣಂತನ. ಜಗಲಿಯ ಮೇಲೆ ಅತ್ತೆ, ಒಳಬಾಗಿಲಲ್ಲಿ ಈಕೆ. ಹೇಗಿದ್ದೀಯಮ್ಮ ಎಂದರೆ ಆರಾಮ ನರ್ಸಮ್ಮ ಎನ್ನುವಳು. ಜ್ವರ? ಇಲ್ಲ. ರಕ್ತ ಹೋಗುತ್ತಿದೆಯೇ? ಇಲ್ಲ. ಮಗು ಹಾಲು ಕುಡಿಯುತ್ತಿದೆಯೇ? ಚೆನ್ನಾಗಿ ಕುಡಿಯುತ್ತಿದೆ. ನನ್ನ ರಿಜಿಸ್ಟರಿನ ಕಾಲಂಗಳೆಲ್ಲ ತುಂಬುತ್ತಿದ್ದವು. ಆದರೆ ಆಕೆ ಕೂರುತ್ತಿರಲಿಲ್ಲ. ಮಣೆ ಹಾಕಿದರೂ ನಿಂತೇ ಇರುವಳು, ಇಲ್ಲವೇ ಕಂಬಕ್ಕೆ ಒರಗಿ ಭಾರವನ್ನೆಲ್ಲ ಒಂದು ಕಾಲಿಗೆ ಕೊಡುವಳು. ಮನೆಗೆ ಬಂದವರ ಮುಂದೆ ಸೊಸೆ ಕೂರುವ ಪದ್ಧತಿ ಇರಲಿಕ್ಕಿಲ್ಲ ಎಂದುಕೊಂಡಿದ್ದೆ.

ಒಂದು ದಿನ ಸೊಪ್ಪಿನ ಬೆಟ್ಟದ ದಾರಿಯಲ್ಲಿ ಎದುರಾದಳು. ತಲೆಯ ಹೊರೆಯನ್ನು ದರೆಗೆ ಒರಗಿಸಿಟ್ಟು, ಹಳೆಯ ಹತ್ತಿ ಸೀರೆಯ ತುಂಡನ್ನು ಉಂಡೆ ಮಾಡಿ ಒಳಗೆ ಒತ್ತಿಕೊಳ್ಳುತ್ತಿದ್ದಳು. ಗರ್ಭಕೋಶ ಜಾರಿತ್ತು. ಅದೂ ಆ ಸಲದ್ದಲ್ಲ, ಎರಡನೆಯ ಹೆರಿಗೆಯಾದಾಗಿನಿಂದಲೂ. ಕುಕ್ಕರಗಾಲಲ್ಲಿ ಕೂತರೆ ಹೊರಗೆ ಬರುತ್ತದೆ, ಅದಕ್ಕೆ ನಿಲ್ಲುವುದು. ಬಟ್ಟೆ ಉಜ್ಜಿ ಉಜ್ಜಿ ಹುಣ್ಣಾಗಿತ್ತು. ಕಟ್ಟಿಕೊಂಡ ಗಂಡನಿಗೂ ಹೇಳಿರಲಿಲ್ಲವಂತೆ. ಆಸ್ಪತ್ರೆಗೆ ಕರೆದುಕೊಂಡು ಹೋದರೆ ಲೇಡಿ ಡಾಕ್ಟರ ಹುದ್ದೆ ಖಾಲಿ, ವಾರಕ್ಕೊಮ್ಮೆ ಹೊರಗಿನಿಂದ ಬರುವವರು ಆ ವಾರ ಬಂದಿರಲಿಲ್ಲ. ಗಂಡು ಡಾಕ್ಟರಿಗೆ ತೋರಿಸಲಾರೆ ಎಂದು ಹಟ ಹಿಡಿದಳು. ಬಸ್ಸು ಹತ್ತಿ ವಾಪಸ್ಸು. ಹೀಗೆ ತಿರುಗಿ ತಿರುಗಿ, ಕೊನೆಗೊಮ್ಮೆ ಹುಣ್ಣು ಮಾಗಿಸಿ, ಗರ್ಭಕೋಶ ಕೆಳಗಿಳಿಯದಂತೆ ಒಳಗೆ ರಿಂಗ್ ಹಾಕಿದರು. ಆಗೆಲ್ಲ ಗರ್ಭಕೋಶ ತೆಗೆಸಿಬಿಡಿ ಎನ್ನುವವರೇ ಹೆಚ್ಚು, ಈಕೆಯ ಪುಣ್ಯಕ್ಕೆ ಯೋಚಿಸುವ ಡಾಕ್ಟರು ಸಿಕ್ಕಿದ್ದರು. ಮುಂದಿನ ಕೊಯ್ಲಿನಲ್ಲಿ ಹೋದಾಗ ಜಗಲಿಯ ಮೇಲೆ ಮೆಟ್ಟುಗತ್ತಿಯ ಮುಂದೆ ಕುಳಿತು ಅಡಿಕೆ ಸುಲಿಯುತ್ತಿದ್ದಳು.

ಅವಳ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ ಪುಟ್ಟಿ. ಸಿಟ್ಟು ಬರಬಾರದು, ಅತ್ತೆಯ ಮುಂದೆ ಅವಳೇನು ಹೇಳಿಯಾಳು ಎಂದು ನೀನು ಹೇಳುತ್ತೀಯ. ಒಪ್ಪುತ್ತೇನೆ. ಆದರೂ ಮನೆಬಾಗಿಲಿಗೆ ಹೋಗಿ ನಿಂತವಳು ನಾನು, ಹೆಂಗಸು, ಹೆತ್ತವಳು. ಹೊರಡುವಾಗ ಸಂಕದವರೆಗೆ ಜೊತೆಗೆ ಬರುತ್ತಿದ್ದಳು, ಅಲ್ಲಿ ಅತ್ತೆ ಇರುತ್ತಿರಲಿಲ್ಲ. ಅಲ್ಲಿಯೂ ಆರಾಮ ಎಂದೇ ಹೇಳಿ ಕಳಿಸುತ್ತಿದ್ದಳು. ಒಂದೇ ಒಂದು ಮಾತು ಆಡಿದ್ದರೆ ಅಷ್ಟು ಕಾಲದ ಹುಣ್ಣು ತಪ್ಪುತ್ತಿತ್ತು. ಆ ಸೊಪ್ಪಿನ ಹೊರೆಯಾದರೂ ತಪ್ಪುತ್ತಿತ್ತೋ ಏನೋ.

ನೀನು ವಿಡಿಯೊ ಕಾಲ್ ಮಾಡುವಾಗ ನಿಂತೇ ಇರುತ್ತೀಯ. ಹಿಂದೆ ಸೋಫಾ ಖಾಲಿ ಇರುತ್ತದೆ. ನಾಲ್ಕು ತಿಂಗಳ ಕೂಸು, ಕೂತರೆ ಅಳುತ್ತದೆ, ಎತ್ತಿಕೊಂಡು ಓಡಾಡುತ್ತಿದ್ದರೆ ಸುಮ್ಮನಿರುತ್ತದೆ, ಇರಬಹುದು. ಆದರೆ ಮೊನ್ನೆ ಪಾಪು ಅಳಿಯಂದಿರ ಹತ್ತಿರ ಇತ್ತು. ಆಗಲೂ ನಿಂತಿದ್ದೆ.

ನಿನ್ನದು ಅವಳಷ್ಟು ದೂರ ಹೋಗಿರಲಿಕ್ಕಿಲ್ಲ, ಹೆದರಬೇಡ. ಫೋರ್ಸೆಪ್ಸ್ ಹಾಕಿದ, ಅಂದರೆ ಇಕ್ಕಳದಿಂದ ಮಗುವಿನ ತಲೆ ಹಿಡಿದು ಎಳೆದ, ಹೆರಿಗೆಯ ನಂತರ ಸಂಜೆಯ ಹೊತ್ತಿಗೆ ಕೆಳಗೆ ಭಾರವೆನಿಸುವುದು, ಸೀನಿದರೆ ಮೂತ್ರ ಜಿನುಗುವುದು ಎಷ್ಟೋ ಜನರಿಗೆ ಆಗುತ್ತದೆ, ಸರಿಯಾದ ವ್ಯಾಯಾಮದಿಂದ ಎಷ್ಟೋ ಜನರಿಗೆ ಕಡಿಮೆಯೂ ಆಗುತ್ತದೆ. ಎಷ್ಟೋ ಜನರಿಗೆ ಆಗುತ್ತದೆ ಎಂದ ಮಾತ್ರಕ್ಕೆ ಸಹಿಸಿಕೊಂಡು ಇರಬೇಕಾದದ್ದೂ ಅಲ್ಲ. ಜಾರಿದ್ದು ಮೂತ್ರಕೋಶವೋ, ಗರ್ಭಕೋಶವೋ, ಯೋನಿಯ ಹಿಂದಿನ ಗೋಡೆಯೋ, ಅಥವಾ ಬರೀ ಸ್ನಾಯು ಸಡಿಲವಾಗಿದೆಯೋ ಎಂಬುದು ಕೈಯಿಟ್ಟು ನೋಡದೆ ತಿಳಿಯುವುದಿಲ್ಲ.

ಆರು ವಾರದ ತಪಾಸಣೆಯಲ್ಲಿ ಎಲ್ಲ ಸರಿಯಿದೆ ಎಂದರಲ್ಲ ಎಂದು ವಾದಿಸಬೇಡ. ಆ ದಿನ ನಾನೂ ನಿನ್ನ ಜೊತೆ ಬಂದಿದ್ದೆ. ಪಾಪುವಿನ ಸೊಂಟ, ಕಣ್ಣು, ಎದೆಬಡಿತ ಎಲ್ಲ ಚೆನ್ನಾಗಿ ನೋಡಿದರು, ನಿನ್ನನ್ನು ಕೇಳಿದ್ದು ಮುಂದೆ ಮಕ್ಕಳಾಗದಂತೆ ಏನು ಬಳಸುತ್ತೀರಿ ಎಂದು. ತಾಯಿಗೂ ಪ್ರತ್ಯೇಕವಾಗಿ ಆ ತಪಾಸಣೆ ಮಾಡಬೇಕೆಂಬುದು ಇಂಗ್ಲೆಂಡಿನ ಜಿಪಿಗಳ, ಅಂದರೆ ಅಲ್ಲಿನ ಕುಟುಂಬ ವೈದ್ಯರ, ಒಪ್ಪಂದದಲ್ಲಿ ಸೇರಿದ್ದೇ 2020ರಲ್ಲಂತೆ. ಮನೆಗೆ ಬಂದ ಹೆಲ್ತ್ ವಿಸಿಟರ್ ಕೊಟ್ಟ ಹತ್ತು ಪ್ರಶ್ನೆಗಳ ಹಾಳೆ, 1987ರ ಆ ಎಡಿನ್‌ಬರೋ ಪ್ರಶ್ನಾವಳಿ, ಒಳ್ಳೆಯದೇ. ಆದರೆ ಅದು ಕೇಳುವುದು ಮನಸ್ಸನ್ನು, ಸೊಂಟದ ಕೆಳಗಿನ ಸುದ್ದಿ ಅದರಲ್ಲಿಲ್ಲ. ನಮ್ಮದೇನು ಹೆಚ್ಚಲ್ಲ. ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನ ಮನೆಗೆ ಹೋಗಬೇಕು, ಹೆಚ್ಚಿನದು ಮಗುವಿನ ತೂಕ, ಜ್ವರ ನೋಡಲಿಕ್ಕೆ. ನಲವತ್ತೆರಡಕ್ಕೆ ಆ ಪುಟ ಮುಗಿಯಿತು. ಬಾಣಂತಿ ಕೆಲಸಕ್ಕೆ ಇಳಿಯುವುದು, ಭಾರ ಎತ್ತುವುದು, ತೊಂದರೆ ಕಾಣಿಸಿಕೊಳ್ಳುವುದು ಎಲ್ಲ ಆಮೇಲೆ. ಆಗ ತಾಯಿಯ ಈ ತೊಂದರೆ ಕೇಳಲಿಕ್ಕೆಂದು ಅಲ್ಲೂ ಇಲ್ಲೂ ಯಾರೂ ಬಾಗಿಲು ತಟ್ಟುವುದಿಲ್ಲ, ಅವಳೇ ಬಾಯಿ ಬಿಡಬೇಕು.

ನಾಳೆ ಹೀಗೆ ಹೇಳು. ಇಂಗ್ಲಿಷ್ ನನಗಿಂತ ನಿನಗೆ ಚೆನ್ನಾಗಿ ಬರುತ್ತದೆ, ವಿಷಯ ಮಾತ್ರ ಇದೇ ಇರಲಿ. ಹೆರಿಗೆಯಾಗಿ ನಾಲ್ಕು ತಿಂಗಳು, ಫೋರ್ಸೆಪ್ಸ್ ಹಾಕಿದ್ದರು, ಹೊಲಿಗೆ ಬಿದ್ದಿತ್ತು. ಯೋನಿಯಲ್ಲಿ ಏನೋ ಕೆಳಗೆ ಇಳಿದಂತೆ ಅನಿಸುತ್ತದೆ, ಮಗುವನ್ನು ಎತ್ತಿದರೆ ಮೂತ್ರ ಹೋಗುತ್ತದೆ, ಕೂರಲು ಕಷ್ಟ. ಮುಖತಃ ಪರೀಕ್ಷೆ ಆಗಬೇಕು, ಮಹಿಳಾ ವೈದ್ಯರು ಬೇಕು. ಇಷ್ಟೇ. ಯೋನಿ ಎನ್ನಲು ನಾಚಿಕೆಯಾದರೆ ಸ್ನಾನದ ಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಹೇಳು, ಆದರೆ ಹೇಳು. ನಾಳೆ ಎಂಟಕ್ಕೆ ಮತ್ತೆ ಮಾಡಿ ಎಂದರೆ ಫೋನ್ ಇಡಬೇಡ. ರೋಗಿಯನ್ನು ಹಾಗೆ ಇನ್ನೊಂದು ದಿನಕ್ಕೆ ತಿರುಗಿಸಿ ಕಳಿಸಬಾರದು, ಮೊದಲ ಸಲ ಸಂಪರ್ಕಿಸಿದಾಗಲೇ ಯಾವುದಾದರೂ ದಾರಿ ತೋರಿಸಬೇಕು ಎಂಬ ನಿಯಮ 2023ರಿಂದ ಅಲ್ಲಿದೆ. ಅಳಿಯಂದಿರೇ ಹುಡುಕಿ ನನಗೆ ಓದಿ ಹೇಳಿದರು, ಅವರಿಗೂ ನಿನ್ನ ಚಿಂತೆ ಇದೆ, ಹೇಳಿಕೊಳ್ಳಲು ಬರುವುದಿಲ್ಲ. ಆನ್‌ಲೈನ್ ಅರ್ಜಿಯಲ್ಲಿ ಬರೆದರೂ ಆದೀತು, ಬರೆಯುವಾಗ ನಾಚಿಕೆ ಕಡಿಮೆ. ಕೆಲವು ಕಡೆ ಜಿಪಿಯನ್ನು ಕೇಳದೆಯೇ ಮಹಿಳೆಯರ ಫಿಸಿಯೋಥೆರಪಿಗೆ ನೇರವಾಗಿ ಹೆಸರು ಕೊಡಬಹುದು, ಹೆರಿಗೆಯಾದ ಆಸ್ಪತ್ರೆಯಲ್ಲೇ ವಿಚಾರಿಸು.

ಮೂತ್ರ ಕಟ್ಟಿದರೆ, ಚಳಿಜ್ವರ ಬಂದರೆ, ಒಂದೇ ಕಾಲಿನ ಮೀನಖಂಡ ಊದಿ ನೋಯತೊಡಗಿದರೆ ಎಂಟು ಗಂಟೆಗೆ ಕಾಯುವಂತಿಲ್ಲ, ರಾತ್ರಿಯಾದರೂ ಅಲ್ಲಿನ ಆರೋಗ್ಯ ಸಹಾಯವಾಣಿ 111ಕ್ಕೆ ಮಾಡು. ಬದುಕೇ ಬೇಡ ಎನಿಸಿದರೂ ಹಾಗೆಯೇ. ಇದನ್ನು ಬರೆಯುವಾಗ ಕೈ ಸ್ವಲ್ಪ ತಡೆಯಿತು, ಆದರೆ ಬೇರೆಯವರ ಹೆಣ್ಣುಮಕ್ಕಳಿಗೆ ಹೇಳಿದ್ದನ್ನು ನಿನಗೆ ಬಿಡಲಾರೆ.

ಅಲ್ಲಿಯವರೆಗೆ ಮಲಬದ್ಧತೆ ಆಗಲು ಬಿಡಬೇಡ, ತಿಣುಕಬೇಡ. ಕಾರಿನ ಸೀಟಿನ ಸಮೇತ ಪಾಪುವನ್ನು ಎತ್ತಿಕೊಂಡು ಮೆಟ್ಟಿಲು ಹತ್ತುತ್ತೀಯಲ್ಲ, ಅದನ್ನು ಇವತ್ತೇ ನಿಲ್ಲಿಸು. ಮೂತ್ರ ತಡೆಯುವಾಗ ಬಿಗಿಯುವ ಸ್ನಾಯುವನ್ನು ಬಿಗಿದು ಬಿಡುವ ವ್ಯಾಯಾಮ ಒಂದು ಸಲಕ್ಕೆ ಕನಿಷ್ಠ 8, ದಿನಕ್ಕೆ ಮೂರು ಬಾರಿ, ಮೂರು ತಿಂಗಳಾದರೂ ಮಾಡಬೇಕು. ನಾಲ್ಕು ದಿನ ಮಾಡಿ ಗುಣವಾಗಲಿಲ್ಲ ಎನ್ನಬೇಡ, ನಿನ್ನ ಸ್ವಭಾವ ನನಗೆ ಗೊತ್ತು.

ನಮ್ಮೂರ ಕನ್ನಡ ಶಾಲೆಯಲ್ಲಿ ಓದಿದ ಹುಡುಗಿ ಆ ದೇಶದವರ ಮೀಟಿಂಗಿನಲ್ಲಿ ನಿಂತು ಇದು ಆಗುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುವುದನ್ನು ಅಡುಗೆಮನೆಯಿಂದ ಕೇಳಿಸಿಕೊಂಡಿದ್ದೇನೆ. ಈರುಳ್ಳಿ ಹೆಚ್ಚುವುದನ್ನು ಬಿಟ್ಟು ಕೇಳಿದ್ದೆ. ನಿನ್ನೆ ನನ್ನ ಮೇಲೆ ತೋರಿಸಿದ ಜೋರಿನಲ್ಲಿ ಅರ್ಧದಷ್ಟನ್ನು ನಾಳೆ ಆ ಕ್ಲಿನಿಕ್ಕಿನವರಿಗೆ ತೋರಿಸು. ಅಪ್ಪನ ಕಣ್ಣಿನ ಆಪರೇಷನ್ ಇಲ್ಲದಿದ್ದರೆ ನಾನೇ ಅಲ್ಲಿದ್ದು ಫೋನ್ ಕಸಿದುಕೊಳ್ಳುತ್ತಿದ್ದೆ. ಭಾಷೆ ಬಾರದಿದ್ದರೂ ಜಗಳ ಬರುತ್ತದೆ.

ನಿಮ್ಮ ಎಂಟು ಗಂಟೆ ನಮಗೆ ಮಧ್ಯಾಹ್ನ ಹನ್ನೆರಡೂವರೆ. ಒಂದರ ತನಕ ಕಾಯುತ್ತೇನೆ, ಆಮೇಲೆ ನಾನೇ ಮಾಡುತ್ತೇನೆ, ಬೈದರೂ ಸರಿ. ಲೇಹ್ಯ ಮುಗಿದಿದ್ದರೆ ತಿಳಿಸು, ಆಚೆಮನೆಯವರ ಮಗ ತಿಂಗಳ ಕೊನೆಗೆ ಲಂಡನ್ನಿಗೆ ಹೊರಟಿದ್ದಾನೆ, ಅವನ ಬ್ಯಾಗಿನಲ್ಲಿ ಎರಡು ಕಿಲೋ ಜಾಗ ಕೇಳಿ ಇಟ್ಟಿದ್ದೇನೆ.

ನಿನ್ನ
ಅಮ್ಮ