ಪಾಲಕರಿಗೆ ಪತ್ರ: ಶಾಲೆಯ ಹೆಸರಲ್ಲಿ ಬಂದ ಕ್ಯೂಆರ್ ಕೋಡ್ ಬಗ್ಗೆ

ಪಾಲಕರೆಲ್ಲರಿಗೂ ನಮಸ್ಕಾರ.

ಹೋದ ವಾರ ಎಂಟನೇ ತರಗತಿಯ ವಾಟ್ಸಾಪ್ ಗ್ರೂಪಿಗೆ ಒಂದು ಕ್ಯೂಆರ್ ಕೋಡ್ ಬಂದಿತ್ತು. ಮೇಲೆ ನಮ್ಮ ಶಾಲೆಯ ಗೇಟಿನ ಫೋಟೊ, ಕೆಳಗೆ ‘ಹಳೆ ವಿದ್ಯಾರ್ಥಿಗಳಿಂದ ಭೀಮಾ ನದಿ ತೀರದ ನೆರೆ ಪೀಡಿತ ಮಕ್ಕಳಿಗೆ ನೆರವು’ ಅಂತ ಬರಹ. ಅದು ಶಾಲೆಯದಲ್ಲ. ನಮ್ಮ ಹಳೆ ವಿದ್ಯಾರ್ಥಿಗಳದೂ ಅಲ್ಲ, ವಿಚಾರಿಸಿದ್ದೇವೆ. ಗ್ರೂಪಿಗೆ ಹಾಕಿದ್ದು ನಮ್ಮದೇ ಶಿಕ್ಷಕರೊಬ್ಬರು, ನಿಜ. ಅವರಿಗೂ ಅದು ಬೇರೆ ಕಡೆಯಿಂದ ಫಾರ್ವರ್ಡ್ ಆಗಿ ಬಂದದ್ದು. ದಯವಿಟ್ಟು ಅವರಿಗೆ ಫೋನ್ ಮಾಡಿ ಬೈಯಬೇಡಿ. ಬೈಯಲೇಬೇಕು ಅನಿಸಿದರೆ ನನಗೆ ಬೈಯಿರಿ. ನಾನೂ ಅದಕ್ಕೆ 500 ರೂಪಾಯಿ ಕಳಿಸಿದ್ದೇನೆ.

ಹೇಗೆ ಕಳಿಸಿದೆ ಅಂತ ಹೇಳಿಬಿಡುತ್ತೇನೆ. ಒಲೆ ಮೇಲೆ ತೊಗರಿಬೇಳೆ ಉಕ್ಕುತ್ತಿತ್ತು, ಒಂದು ಕೈಯಲ್ಲಿ ಸೌಟು. ಗೇಟಿನ ಫೋಟೊ ನೋಡಿ ನಮ್ಮ ಹುಡುಗರು ಒಳ್ಳೆ ಕೆಲಸ ಮಾಡುತ್ತಿದ್ದಾರೆ ಅಂತ ಖುಷಿಯಾಯಿತು. ಸ್ಕ್ಯಾನ್ ಮಾಡಿದೆ, ಪಿನ್ ಒತ್ತಿದೆ. ಪಿನ್ ಕೇಳುವ ಮುಂಚೆ ದುಡ್ಡು ಯಾರಿಗೆ ಹೋಗುತ್ತದೆ ಅನ್ನೋ ಹೆಸರು ಪರದೆ ಮೇಲೆ ಬರುತ್ತದಲ್ಲ, ನನಗೂ ಬಂದಿತ್ತು. ಯಾರೋ ಒಬ್ಬರ ಸ್ವಂತ ಹೆಸರು. ಮರುದಿನ ರಸೀದಿ ತೆಗೆದು ನೋಡಿದಾಗಲೇ ಅದನ್ನು ಓದಿದ್ದು.

ಸೋಮವಾರದ ಸಭೆಯಲ್ಲಿ ನೀವು ಕೇಳಿದಿರಿ: ಕೋಡ್ ಬೇಡ ಸರಿ, ಶಾಲೆಯೇ ಮಕ್ಕಳಿಂದ ದುಡ್ಡು ಎತ್ತಿ ಕೊಡಲಿ, ನಿಮ್ಮ ಮೇಲೆ ನಮಗೆ ನಂಬಿಕೆ ಇದೆ ಅಂತ. 2020ರ ಅಕ್ಟೋಬರ್‌ನಲ್ಲಿ ಭೀಮಾ ಉಕ್ಕಿದಾಗ ತೆಗೆದುಕೊಂಡಿದ್ದಿರಲ್ಲ ಅಂತಲೂ ಕೇಳಿದಿರಿ. ಹೌದು, ತೆಗೆದುಕೊಂಡಿದ್ದೆವು. ಪೈಸೆ ಪೈಸೆ ಲೆಕ್ಕವೂ ಇದೆ, ಆಫೀಸಿಗೆ ಬಂದರೆ ತೋರಿಸುತ್ತೇನೆ. ಅಫಜಲಪುರದ ಕಡೆಗೆ ಟೆಂಪೊದಲ್ಲಿ ಹೋದ ಕಡಕ್ ರೊಟ್ಟಿ, ಶೇಂಗಾ ಹಿಂಡಿ ನೀವೇ ಕಟ್ಟಿಕೊಟ್ಟದ್ದು. ಅದನ್ನು ನಾನು ಮರೆತಿಲ್ಲ.

ಆದರೆ ಈಗ ದುಡ್ಡು ಎತ್ತುವುದಿಲ್ಲ. ನಿಮ್ಮ ಮೇಲೆ ಅನುಮಾನ ಅಂತಲ್ಲ, ನಮ್ಮ ಶಿಕ್ಷಕರ ಮೇಲೂ ಅಲ್ಲ. ಶಾಲೆ ದುಡ್ಡು ಎತ್ತುತ್ತದೆ ಅನ್ನೋ ರೂಢಿ ಇದ್ದದ್ದರಿಂದಲೇ ಆ ಕೋಡ್ ನಮಗೆಲ್ಲ ನಿಜ ಅನಿಸಿತು. ಶಾಲೆ ಯಾವತ್ತೂ ಎತ್ತುವುದಿಲ್ಲ ಅಂತ ಎಲ್ಲರಿಗೂ ಗೊತ್ತಿದ್ದರೆ, ಇನ್ನೊಮ್ಮೆ ನಮ್ಮ ಗೇಟಿನ ಫೋಟೊ ಹಾಕಿ ಯಾರಾದರೂ ಕೇಳಿದಾಗ ಅದು ಸುಳ್ಳು ಅಂತ ಆ ಕ್ಷಣಕ್ಕೇ ತಿಳಿಯುತ್ತದೆ. ಒಂದು ಸಲ, ಒಳ್ಳೆ ಕೆಲಸಕ್ಕೇ ಅಂತ ಎತ್ತಿದರೂ ಈ ಗುರುತು ಹೋಗುತ್ತದೆ. ಇದು ಕೆಲವರಿಗೆ ಬಿಗಿ ಅನಿಸಿದೆ, ಪುಣ್ಯದ ಕೆಲಸಕ್ಕೆ ಅಡ್ಡ ಬರುತ್ತಾರೆ ಅಂತಲೂ ಒಬ್ಬರು ಅಂದರು. ಬೇಜಾರಿಲ್ಲ. ಆದರೂ ದುಡ್ಡು ಮಾತ್ರ ಬೇಡ, ಹತ್ತು ರೂಪಾಯಿಯೂ ಬೇಡ. ವಸ್ತು ಬೇರೆ ಮಾತು. ಹೊಸ ನೋಟ್‌ಬುಕ್, ಪೆನ್ನು, ಕಂಪಾಸ್ ಬಾಕ್ಸ್ ಕಳಿಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯವರನ್ನು ಕೇಳಿ ನೀರು ನುಗ್ಗಿದ ಶಾಲೆಗಳಿಗೆ ಮುಟ್ಟಿಸುತ್ತೇವೆ.

ದುಡ್ಡು ಕೊಡುವ ಮನಸ್ಸಿದ್ದರೆ ಮುಖ್ಯಮಂತ್ರಿ ಪರಿಹಾರ ನಿಧಿ ಇದೆ. ಅದರ ಖಾತೆ ನಂಬರನ್ನೂ ಫಾರ್ವರ್ಡ್‌ನಿಂದ ತೆಗೆದುಕೊಳ್ಳಬೇಡಿ, ಸರ್ಕಾರದ ಜಾಲತಾಣದಲ್ಲಿ ನೀವೇ ನೋಡಿ. 2020ರ ಮಾರ್ಚ್‌ನಲ್ಲಿ ಪಿಎಂ ಕೇರ್ಸ್ ನಿಧಿ ಶುರುವಾದ ಬೆನ್ನಲ್ಲೇ, ಕೊನೆಯ ‘ಎಸ್’ ಅಕ್ಷರ ಒಂದನ್ನು ಬಿಟ್ಟು ನಕಲಿ ಯುಪಿಐ ವಿಳಾಸ ಮಾಡಿದ್ದರು. ಒಂದೇ ಅಕ್ಷರ! ಅವಸರದಲ್ಲಿ ಯಾರಿಗೆ ಕಾಣುತ್ತದೆ?

ನಿಮ್ಮಲ್ಲಿ ಕೇಳುವುದು ಇಷ್ಟೇ: ಪಿನ್ ಒತ್ತುವ ಮುಂಚೆ ಹೆಸರು ಓದಿ.

ಆ ಕೋಡ್‌ಗೆ ಈಗಾಗಲೇ ಕಳಿಸಿದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಕೊಡಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಜಾಸ್ತಿ. ಮಾಡಲು ಬರದಿದ್ದರೆ ಫೋನ್ ತೆಗೆದುಕೊಂಡು ಶಾಲೆಗೆ ಬನ್ನಿ, ನಾಚಿಕೆ ಬೇಡ. ‘ನಿಮ್ಮ ದುಡ್ಡು ವಾಪಸ್ ಕೊಡುತ್ತೇವೆ, ಕೋಡ್ ಸ್ಕ್ಯಾನ್ ಮಾಡಿ ಪಿನ್ ಹಾಕಿ’ ಅಂತ ಯಾರಾದರೂ ಕರೆ ಮಾಡಿದರೆ ಇಟ್ಟುಬಿಡಿ. ದುಡ್ಡು ಬರಲು ಪಿನ್ ಬೇಕಿಲ್ಲ.

ಗ್ರೂಪಿನಲ್ಲಿ ಇನ್ನು ಮೇಲೆ ತರಗತಿ ಶಿಕ್ಷಕರು ಮಾತ್ರ ಸಂದೇಶ ಹಾಕುತ್ತಾರೆ. ನೋಟ್‌ಬುಕ್‌ಗಳನ್ನು ಶನಿವಾರದೊಳಗೆ ಕಳಿಸಿ.

ನಿಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ,
ಕಲಬುರಗಿ